ಬೀಳಗಿಯ ಕೋಗಿಲೆ ಅಮೀರಬಾಯಿ ಕರ್ನಾಟಕಿ

ನವೆಂಬರ್ ತಿಂಗಳು ಬಂತೆಂದರೆ ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಾದ ನಾವು ತಾಯ್ನಾಡಿನ ಹಿರಿಯರನ್ನು ನೆನೆಯುತ್ತೇವೆ. ಕವಿಗಳ, ಶರಣರ, ಅರಸರ ಚಿತ್ರಗಳಿಗೆ ಹಾರ ಹಾಕುತ್ತೇವೆ. ಏಕೀಕರಣಕ್ಕಾಗಿ ದುಡಿದವರ ಗುಣಗಾನ ಮಾಡುತ್ತೇವೆ. ಇದೆಲ್ಲ ಉಚಿತವೇ ಆಗಿದೆ. ಆದರೆ ನಾವು ವಾಸಿಸುವ ಈ ಮುಂಬಯಿ ನಗರದಲ್ಲಿಯೇ ಒಂದು ಕಾಲಕ್ಕೆ ಮನೆಮಾತಾಗಿದ್ದ, ಕರ್ನಾಟಕದ ಹೆಸರನ್ನು ತನ್ನ ಹೆಸರಿನೊಡನೆ ಕಟ್ಟಿಕೊಂಡು ಬಾಳಿದ ಒಬ್ಬ ಹೆಣ್ಣುಮಗಳನ್ನು ನಾವು ಹೆಚ್ಚಾಗಿ ನೆನೆಯುವುದಿಲ್ಲ. ಆಕೆಯೇ ಹಿಂದೀ ಚಿತ್ರರಂಗದ ಸುಪ್ರಸಿದ್ಧ ಗಾಯಕಿ ಮತ್ತು ನಟಿ ಅಮೀರಬಾಯಿ ಕರ್ನಾಟಕಿ.

ಆ ಹೆಸರಿನ ಕೊನೆಯ ಪದವನ್ನು ವಾಚಕರು ತುಸು ನಿಂತು ನೋಡಬೇಕೆಂದು ನಮ್ಮ ವಿನಂತಿ. ಕನ್ನಡದ ಸೀಮೆಗಳು ಒಂದುಗೂಡಿದುದು 1956ರ ನವೆಂಬರ್ 1ರಂದು. ಆಗ ರಾಜ್ಯಕ್ಕೆ ಇದ್ದ ಹೆಸರು ಮೈಸೂರು. ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅಮೀರಬಾಯಿಯವರು ಕಣ್ಣು ಮುಚ್ಚಿದ್ದು 1965ರಲ್ಲಿ. ಎಂದರೆ, ಭೂಪಟದ ಮೇಲೆ ಆ ಹೆಸರಿನ ರಾಜ್ಯವನ್ನು ಅವರು ಕಣ್ಣಾರೆ ಕಾಣಲೇ ಇಲ್ಲ. ವಿಜಾಪುರದಲ್ಲಿ ಹುಟ್ಟಿದ ಆಲೂರ ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಬರೆದು ಕನ್ನಡಿಗರಿಗೆ ತಮ್ಮ ನಾಡಿನ ನೆನಪು ಮಾಡಿಕೊಟ್ಟರು. ಅದೇ ಜಿಲ್ಲೆಯ ಈ ಮಗಳು ಯಾವ ಭಾಷಣವನ್ನೂ ಮಾಡಲಿಲ್ಲ; ಆದರೆ ಲಾಹೋರಿನಿಂದ ಕಲಕತ್ತೆಯವರೆಗೆ ಮನೆಮನೆಯ ಗ್ರಾಮಫೋನು ತಟ್ಟೆಯ ಮೇಲೆ ಆ ಹೆಸರು ತಿರುಗುವಂತೆ ಮಾಡಿದರು. ರಾಜ್ಯೋತ್ಸವದ ಸಂಚಿಕೆಯಲ್ಲಿ ಅವರ ಬಾಳಿನ ಕಥೆಯನ್ನು ಹೇಳಲು ಇಷ್ಟು ಕಾರಣ ಸಾಕೆಂದು ನಾವು ಭಾವಿಸುತ್ತೇವೆ.

ಬೀಳಗಿ ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ತಾಲೂಕಿನ ಊರು. ಅಂದು ಅದು ವಿಜಾಪುರ ಜಿಲ್ಲೆಯಲ್ಲಿತ್ತು. ವಿಜಾಪುರ ಜಿಲ್ಲೆಯಾದರೋ ಮುಂಬಯಿ ಇಲಾಖೆಯಲ್ಲಿತ್ತು. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಸೀಮೆ. ಬಿಳಿಜೋಳ ಬೆಳೆಯುವ ನೆಲ. ಬಿಸಿಲು ಹೆಚ್ಚು, ಮಳೆ ಕಡಿಮೆ. ಇಂಥ ಊರಿನಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದ ದಿನಗಳಲ್ಲಿ, ಒಂದು ಸಾಧಾರಣ ಮುಸಲ್ಮಾನ ಕುಟುಂಬದಲ್ಲಿ ಅಮೀರಬಾಯಿಯವರು ಜನಿಸಿದರು. ಅವರ ಮನೆಯ ಮಾತು ಕನ್ನಡ. ಐವರು ಅಕ್ಕತಂಗಿಯರಲ್ಲಿ ಇಬ್ಬರು, ಹಿರಿಯಳಾದ ಗೋಹರಬಾಯಿ ಮತ್ತು ಕಿರಿಯಳಾದ ಅಮೀರಬಾಯಿ, ಮುಂದೆ ಕಲಾಲೋಕದಲ್ಲಿ ಹೆಸರು ಮಾಡಿದರು.

ಬೀಳಗಿಯಂಥ ಸಣ್ಣ ಊರಿನ ಹುಡುಗಿಯರಿಗೆ ಹಾಡುಗಾರಿಕೆಯ ಹುಚ್ಚು ಹೇಗೆ ಹಿಡಿಯಿತೆಂದು ಕೇಳುವವರು ಅಂದಿನ ಉತ್ತರ ಕರ್ನಾಟಕದ ನಾಟಕ ಮಂಡಳಿಗಳ ವೈಭವವನ್ನು ನೆನೆಯಬೇಕು. ಕೊಣ್ಣೂರ ಕಂಪನಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ, ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ ಇವೆಲ್ಲ ಊರೂರು ತಿರುಗಿ ನಾಟಕಗಳನ್ನು ಆಡುತ್ತಿದ್ದವು. ಮಾತಿಗಿಂತ ಹಾಡೇ ಹೆಚ್ಚು. ಕಾಲುಪೆಟ್ಟಿಗೆ, ಸಾರಂಗಿ, ತಬಲಾಗಳ ಮೇಳದೊಡನೆ ಹಿಂದುಸ್ತಾನಿ ರಾಗಗಳಲ್ಲಿ ಹಾಡುಗಳು ಹರಿದುಬರುತ್ತಿದ್ದವು. ರಾತ್ರಿ ನಾಟಕ ನೋಡಿ ಬಂದ ರೈತನು ಮರುದಿನ ನೇಗಿಲ ಹಿಂದೆ ನಡೆಯುತ್ತ ಭೀಮಪಲಾಸಿಯ ಚೂರನ್ನು ಗುನುಗುತ್ತಿದ್ದ ಕಾಲ ಅದು.

ಈ ಸೀಮೆಗೆ ಮರಾಠಿ ರಂಗಭೂಮಿಯ ನಂಟು ಕೂಡ ಆಳವಾದುದು. ಉತ್ತರ ಕನ್ನಡದಿಂದ ಬಂದ ಯಕ್ಷಗಾನ ಮೇಳದ ಆಟವನ್ನು ಸಾಂಗಲಿಯಲ್ಲಿ ಕಂಡ ಪ್ರೇರಣೆಯಿಂದಲೇ ವಿಷ್ಣುದಾಸ ಭಾವೆಯವರು 1843ರಲ್ಲಿ ಮೊದಲ ಮರಾಠಿ ನಾಟಕವನ್ನು ಆಡಿಸಿದರು. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಹೀಗೆ ಇಲ್ಲಿಂದ ಹೋದ ಬೀಜ ಅಲ್ಲಿ ಮರವಾಗಿ, ಆ ಮರದ ಹಣ್ಣು ತಿರುಗಿ ಇಲ್ಲಿಗೇ ಬಂದಿತ್ತು. ಕಿರ್ಲೋಸ್ಕರ ಮಂಡಳಿ, ಗಂಧರ್ವ ಮಂಡಳಿಗಳ ನಾಟ್ಯಗೀತಗಳನ್ನು ಹುಬ್ಬಳ್ಳಿ, ಧಾರವಾಡ, ವಿಜಾಪುರಗಳ ಜನ ಮರಾಠಿಗರಷ್ಟೇ ಪ್ರೀತಿಯಿಂದ ಕೇಳುತ್ತಿದ್ದರು. ಬೀಳಗಿಯ ಅಕ್ಕತಂಗಿಯರು ಬೆಳೆದುದು ಈ ಗಾಳಿಯಲ್ಲಿ.

ಆದರೆ ಹಾಡನ್ನು ಮೆಚ್ಚಿದ ಸಮಾಜವೇ ಹಾಡುವ ಹೆಣ್ಣನ್ನು ಮೆಚ್ಚುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಆ ದಿನಗಳಲ್ಲಿ ಹೆಚ್ಚಿನ ಮಂಡಳಿಗಳಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ವಹಿಸುತ್ತಿದ್ದರು. ಬಣ್ಣ ಹಚ್ಚಿ ರಂಗವೇರಿದ ಹೆಂಗಸಿಗೆ ಚಪ್ಪಾಳೆ ಸಿಗುತ್ತಿತ್ತು. ಊರಿನಲ್ಲಿ ಮರ್ಯಾದೆಯ ಸ್ಥಾನ ಸಿಗುತ್ತಿರಲಿಲ್ಲ. ಆದುದರಿಂದ ಅಮೀರಬಾಯಿ ಮತ್ತು ಗೋಹರಬಾಯಿಯವರು ಹಾಡನ್ನು ಬಾಳಿನ ದಾರಿಯಾಗಿ ಹಿಡಿದುದು ಕೇವಲ ಪ್ರತಿಭೆಯ ಮಾತಲ್ಲ, ಧೈರ್ಯದ ಮಾತೂ ಹೌದು.

ಇಲ್ಲಿ ಒಂದು ಗೊಂದಲವನ್ನು ನಿವಾರಿಸುವುದು ಒಳ್ಳೆಯದು. ಸಂಗೀತ ಮತ್ತು ಚಿತ್ರಗಳ ಚರಿತ್ರೆಯಲ್ಲಿ ಮೂವರು ಗೋಹರರು ಬರುತ್ತಾರೆ. ಒಬ್ಬರು ಭಾರತದ ಮೊದಲ ಗ್ರಾಮಫೋನು ಗಾಯಕಿಯರಲ್ಲಿ ಪ್ರಖ್ಯಾತರಾಗಿ, ಕೊನೆಗೆ ಮೈಸೂರು ಅರಸರ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡ ಕಲಕತ್ತೆಯ ಗೋಹರಜಾನರು. ಇನ್ನೊಬ್ಬರು ಮುಂಬಯಿಯ ರಣಜಿತ್ ಚಿತ್ರಸಂಸ್ಥೆಯ ನಾಯಕಿ ಮಿಸ್ ಗೋಹರ್. ಮೂರನೆಯವರೇ ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಈಕೆ ಬಾಲಗಂಧರ್ವರ ಗಾಯನಶೈಲಿಯನ್ನು ಮನಸಾರೆ ಮೆಚ್ಚಿ, ಅದನ್ನು ತಮ್ಮ ಕಂಠದಲ್ಲಿ ಅರಗಿಸಿಕೊಂಡವರು.

ಊರಿನ ಹೆಸರನ್ನು ಹೆಸರಿನ ಮುಂದಿಟ್ಟುಕೊಳ್ಳುವುದು ಆಗಿನ ಗಾಯಕಿಯರ ರೂಢಿ. ಆಗ್ರೆಯವರು ಆಗ್ರೇವಾಲಿ, ಅಂಬಾಲೆಯವರು ಅಂಬಾಲೇವಾಲಿ, ಬಡೋದೆಯವರು ಬಡೋದೇಕರ್. ಆ ಲೆಕ್ಕದಿಂದ ಈ ಸೋದರಿಯರು ಬೀಳಗಿಯವರೆಂದೋ ವಿಜಾಪುರದವರೆಂದೋ ಕರೆಸಿಕೊಳ್ಳಬಹುದಾಗಿತ್ತು. ಅವರ ಹೆಸರಿನೊಡನೆ ನಿಂತುದು ಊರಲ್ಲ, ನಾಡು. ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಎಂದು ಕನ್ನಡಿಗರು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಇಬ್ಬರು ಹಾಡುಗಾರ್ತಿಯರು ಕರ್ನಾಟಕಿಯರಾಗಿ ಮುಂಬಯಿಯನ್ನು ಹೊಕ್ಕರು.

ಮುಂಬಯಿ ಅವರಿಗೆ ಪರದೇಶವೂ ಆಗಿರಲಿಲ್ಲ. ವಿಜಾಪುರದ ಕಾಗದಪತ್ರಗಳೆಲ್ಲ ಮುಂಬಯಿ ಸರಕಾರದ ಮುದ್ರೆ ಹೊತ್ತು ಬರುತ್ತಿದ್ದವು. ನೌಕರಿ ಬೇಕಾದವರು, ವ್ಯಾಪಾರಕ್ಕೆ ಹೊರಟವರು, ಗಿರಣಿಯ ಕೂಲಿಗೆ ಹೋಗುವವರು ಎಲ್ಲರೂ ಹಿಡಿಯುತ್ತಿದ್ದುದು ಇದೇ ಊರಿನ ಗಾಡಿಯನ್ನು. ಅಕ್ಕ ಗೋಹರಬಾಯಿ ಮೊದಲು ಬಂದು ನೆಲೆ ಕಂಡುಕೊಂಡರು. ಎಳೆಯ ವಯಸ್ಸಿನಲ್ಲಿಯೇ ಅಮೀರಬಾಯಿಯೂ ಹಿಂಬಾಲಿಸಿದರು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯ ಪ್ರತಿನಿಧಿಯೊಬ್ಬರು ಈ ಹುಡುಗಿಯ ಕಂಠಕ್ಕೆ ಮನಸೋತು ಒಂದು ಕವ್ವಾಲಿಯನ್ನು ಹಾಡಿಸಿದರೆಂದೂ, ಆ ತಟ್ಟೆಯು ಜನರ ಮೆಚ್ಚುಗೆ ಪಡೆಯಿತೆಂದೂ ಅವರ ಆರಂಭದ ದಿನಗಳ ಬಗ್ಗೆ ಹೇಳುತ್ತಾರೆ.

1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ 'ಆಲಂ ಆರಾ' ತೆರೆಕಂಡು, ಮೂಕಚಿತ್ರಕ್ಕೆ ಮಾತು ಬಂದಿತ್ತು. ಮಾತು ಬಂದ ಕೂಡಲೆ ಚಿತ್ರರಂಗದ ಲೆಕ್ಕವೇ ಬದಲಾಯಿತು. ಮುಖ ಚೆಲುವಾಗಿದ್ದರೆ ಸಾಲದು, ಕಂಠವೂ ಬೇಕು. ನಡೆ ಚೆನ್ನಾಗಿದ್ದರೆ ಸಾಲದು, ನುಡಿ ಶುದ್ಧವಾಗಿರಬೇಕು. ಹೀಗಾಗಿ ನಾಟಕದ ಅನುಭವ ಹಾಗೂ ಹಾಡಿನ ತಯಾರಿ ಇದ್ದ ಹೆಣ್ಣುಮಕ್ಕಳಿಗೆ ಒಮ್ಮೆಲೆ ಬೇಡಿಕೆ ಬಂದಿತು. ಅಕ್ಕನ ನೆರವಿನಿಂದ ಅಮೀರಬಾಯಿಯವರಿಗೆ 1934ರಲ್ಲಿ 'ವಿಷ್ಣುಭಕ್ತಿ' ಎಂಬ ಚಿತ್ರದಲ್ಲಿ ಪಾತ್ರ ದೊರೆಯಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಗೆ ಬಂದುದೂ ಅದೇ ವರ್ಷ, ಮಾರ್ಚ್ 3ರಂದು. ಕನ್ನಡ ಚಿತ್ರವೂ ಈ ಕನ್ನಡತಿಯೂ ಒಂದೇ ವರ್ಷದಲ್ಲಿ ತೆರೆಯನ್ನೇರಿದಂತಾಯಿತು.

ಅಂದಿನ ಚಿತ್ರಗಳಲ್ಲಿ ಹಾಡುವುದೆಂದರೆ ಎಂಥ ಸಾಹಸವಾಗಿತ್ತೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ನಟಿಯು ಕ್ಯಾಮರಾದ ಎದುರಿಗೆ ನಿಂತು ಅಭಿನಯಿಸುತ್ತಲೇ ಹಾಡಬೇಕು. ಪೇಟಿ, ತಬಲಾದವರು ಚಿತ್ರದಲ್ಲಿ ಕಾಣದಂತೆ ಗಿಡದ ಮರೆಗೋ ಪರದೆಯ ಹಿಂದಕ್ಕೋ ಕುಳಿತು ನುಡಿಸಬೇಕು. ನಡುವೆ ಯಾರಾದರೂ ಕೆಮ್ಮಿದರೆ, ಹೊರಗೆ ನಾಯಿ ಬೊಗಳಿದರೆ, ಮೊದಲಿನಿಂದ ಹಾಡಬೇಕು. ಝಗಝಗಿಸುವ ದೀಪಗಳ ಕಾವಿನಲ್ಲಿ ಬಣ್ಣ ಕರಗುತ್ತಿದ್ದರೂ ಶ್ರುತಿ ಕರಗಬಾರದು. ಈ ಗರಡಿಯಲ್ಲಿ ಪಳಗಿದ ಗಾಯಕಿಯರಿಗೆ ಹಾಡಿನ ಅರ್ಥವನ್ನು ಮುಖದಲ್ಲಿಯೂ ದನಿಯಲ್ಲಿಯೂ ಒಟ್ಟಿಗೆ ತರುವ ಕಲೆ ಕೈವಶವಾಗಿತ್ತು.

1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಯು 'ಧೂಪ್ ಛಾಂವ್' ಚಿತ್ರದಲ್ಲಿ ಹಿನ್ನೆಲೆ ಗಾಯನದ ಪದ್ಧತಿಯನ್ನು ತಂದಿತು. ಹಾಡನ್ನು ಮೊದಲು ಧ್ವನಿಮುದ್ರಿಸಿ, ಆ ಮೇಲೆ ನಟರಿಂದ ತುಟಿಯಾಡಿಸುವ ಈ ಉಪಾಯವು ನಿಧಾನವಾಗಿ ಎಲ್ಲೆಡೆ ಹಬ್ಬಿತು. ಹಾಡುವವರೇ ಬೇರೆ, ಅಭಿನಯಿಸುವವರೇ ಬೇರೆ ಎಂಬ ಹೊಸ ಕಾಲ ಬಂದಿತು. ಅಮೀರಬಾಯಿಯವರ ಏಳುಬೀಳುಗಳೆರಡಕ್ಕೂ ಈ ಬದಲಾವಣೆಯೇ ಕಾರಣವಾಯಿತೆಂದು ನಮಗೆ ತೋರುತ್ತದೆ. ಅದು ಹೇಗೆಂಬುದು ಮುಂದೆ ತಿಳಿಯುವುದು.

ಮೊದಲ ಚಿತ್ರ ಬಂದ ಮೇಲೆ ಭಾಗ್ಯದ ಬಾಗಿಲು ಒಮ್ಮೆಗೇ ತೆರೆಯಲಿಲ್ಲ. ಸುಮಾರು ಎಂಟು ಒಂಬತ್ತು ವರುಷ ಅಮೀರಬಾಯಿಯವರು ಸಿಕ್ಕಿದ ಪಾತ್ರವನ್ನು ಮಾಡುತ್ತ, ಸಿಕ್ಕಿದ ಹಾಡನ್ನು ಹಾಡುತ್ತ ಕಳೆದರು. ಈ ನಡುವಿನ ಕಾಲದಲ್ಲಿ ಅವರು ಗಳಿಸಿದ ದೊಡ್ಡ ಆಸ್ತಿಯೆಂದರೆ ಭಾಷೆ. ಬೀಳಗಿಯ ಕನ್ನಡವನ್ನು ಆಡುತ್ತಿದ್ದ ನಾಲಗೆಯು ಉರ್ದುವಿನ ಗಂಟಲಕ್ಷರಗಳನ್ನೂ ಹಿಂದಿಯ ಭಜನೆಯನ್ನೂ ಗುಜರಾತಿಯ ನುಡಿಗಟ್ಟನ್ನೂ ಒಂದೊಂದಾಗಿ ವಶಪಡಿಸಿಕೊಂಡಿತು. 1940ರಲ್ಲಿ ವಿಜಯ ಭಟ್ಟರು ಪ್ರಕಾಶ್ ಪಿಕ್ಚರ್ಸ್‌ಗಾಗಿ 'ನರಸೀ ಭಗತ್' ಚಿತ್ರವನ್ನು ತೆಗೆದರು. ನರಸಿಂಹ ಮೆಹತಾ ಅವರ ಪಾತ್ರದಲ್ಲಿ ವಿಷ್ಣುಪಂತ ಪಾಗನೀಸರು. ಜೊತೆಗೆ ದುರ್ಗಾ ಖೋಟೆ ಮತ್ತು ಅಮೀರಬಾಯಿ. ಮಹಾತ್ಮಾ ಗಾಂಧೀಜಿಯವರಿಗೆ ಪ್ರಿಯವಾದ ವೈಷ್ಣವ ಭಜನೆಯನ್ನು ಆ ಚಿತ್ರದಲ್ಲಿ ಅಮೀರಬಾಯಿಯವರು ಹಾಡಿದರು. ಗುಜರಾತಿನ ವೈಷ್ಣವ ಭಕ್ತನೊಬ್ಬ ಬರೆದ ಹಾಡನ್ನು ಕನ್ನಡನಾಡಿನ ಮುಸಲ್ಮಾನ ಹೆಣ್ಣುಮಗಳೊಬ್ಬಳು ಹಾಡಿದಾಗ ಅದನ್ನು ಕೇಳಿದವರು ಹಾಡಿನ ಭಕ್ತಿಯನ್ನು ಕಂಡರೇ ಹೊರತು ಹಾಡಿದವರ ಜಾತಿಮತಗಳನ್ನು ವಿಚಾರಿಸಲಿಲ್ಲ.

ಬಳಿಕ 1943 ಬಂದಿತು. ಬಾಂಬೆ ಟಾಕೀಸ್ ಸಂಸ್ಥೆಯು ಗ್ಯಾನ್ ಮುಖರ್ಜಿಯವರ ನಿರ್ದೇಶನದಲ್ಲಿ 'ಕಿಸ್ಮತ್' ಚಿತ್ರವನ್ನು ತೆರೆಗೆ ತಂದಿತು. ಅಶೋಕಕುಮಾರರು ಕಳ್ಳನಾಯಕ, ಮುಮ್ತಾಜ್ ಶಾಂತಿ ನಾಯಕಿ. ನಾಯಕಿಯು ಒಂದು ಕಾಲಕ್ಕೆ ತಂದೆಯ ರಂಗಮಂದಿರದಲ್ಲಿ ಕುಣಿದು ಮೆರೆದು, ಈಗ ಕಾಲು ಊನಗೊಂಡು ಬಡತನಕ್ಕೆ ಬಿದ್ದವಳು. ಅವಳಿಗೆ ಕಂಠ ಕೊಟ್ಟವರು ಅಮೀರಬಾಯಿ. ಸಂಗೀತ ಅನಿಲ ಬಿಸ್ವಾಸರದು, ಪದ್ಯಗಳು ಕವಿ ಪ್ರದೀಪರವು. ನಾಟಕದವರ ಬಾಳಿನ ಬೆಳಕು ಕತ್ತಲೆಗಳನ್ನು ಹತ್ತಿರದಿಂದ ಬಲ್ಲ ಅಮೀರಬಾಯಿಯವರಿಗೆ ಈ ಪಾತ್ರದ ದುಃಖವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಚಿತ್ರದ ಹಾಡುಗಳಲ್ಲಿ ಒಂದು ಕೃಷ್ಣನಿಗೆ ಮೊರೆಯಿಡುವ ಪ್ರಾರ್ಥನೆ. ಇನ್ನೊಂದು ಮೋಡವನ್ನು ಉದ್ದೇಶಿಸಿದ ಜೋಗುಳದಂಥ ಹಾಡು. ಮತ್ತೊಂದು ದೀಪಾವಳಿಯ ಹಾಡು. ಊರಿಗೆಲ್ಲ ಹಬ್ಬ ಬಂದಿದ್ದರೂ ತನ್ನ ಹೊಸ್ತಿಲಲ್ಲಿ ಹಣತೆ ಹಚ್ಚಲಾರದ ಹೆಣ್ಣೊಬ್ಬಳ ಅಳಲು ಅದರಲ್ಲಿದೆ. ರಾಜ್ಯೋತ್ಸವವು ಹೆಚ್ಚಾಗಿ ದೀಪಾವಳಿಯ ಆಸುಪಾಸಿನಲ್ಲಿಯೇ ಬರುವುದರಿಂದ ನಮಗೆ ಪ್ರತಿವರ್ಷವೂ ಆ ಹಾಡು ನೆನಪಾಗುತ್ತದೆ. ಅಮೀರಬಾಯಿಯವರು ಅದನ್ನು ಗೋಳಾಡಿ ಹಾಡಿಲ್ಲ. ದನಿಯನ್ನು ತುಸು ತಗ್ಗಿಸಿ, ಸ್ವರದ ಕೊನೆಯನ್ನು ಮೆತ್ತಗೆ ಬಿಟ್ಟು, ಪಕ್ಕದ ಮನೆಯವರಿಗೆ ಕೇಳಬಾರದೆಂಬಂತೆ ಹಾಡಿದ್ದಾರೆ. ಅದರಿಂದಲೇ ಅದು ಮನಸ್ಸನ್ನು ತಟ್ಟುತ್ತದೆ.

ಇದೇ ಚಿತ್ರದಲ್ಲಿ ಇನ್ನೊಂದು ಹಾಡಿತ್ತು. 1942ರ ಆಗಸ್ಟ್ ತಿಂಗಳಲ್ಲಿ ಇದೇ ಮುಂಬಯಿಯ ಗೋವಾಲಿಯಾ ಟ್ಯಾಂಕ್ ಮೈದಾನದಿಂದ ಚಲೇಜಾವ್ ಚಳವಳಿಯ ಕರೆ ಹೊರಟು, ದೇಶದ ನಾಯಕರೆಲ್ಲ ಸೆರೆಮನೆ ಸೇರಿದ್ದರು. ಅದಾಗಿ ಕೆಲವೇ ತಿಂಗಳಿಗೆ, ಹಿಂದುಸ್ತಾನವು ನಮ್ಮದು, ಹೊರಗಿನವರು ದೂರ ಸರಿಯಿರಿ ಎಂಬ ಭಾವದ ಹಾಡು ತೆರೆಯ ಮೇಲೆ ಮೊಳಗಿತು. ಹಾಡಿನೊಳಗೆ ಜರ್ಮನಿ, ಜಪಾನುಗಳ ಹೆಸರನ್ನು ಸೇರಿಸಿದ್ದರಿಂದ ಸರಕಾರದ ಪರೀಕ್ಷಕರು ಅದನ್ನು ಯುದ್ಧಕಾಲದ ಹಾಡೆಂದು ಬಿಟ್ಟುಕೊಟ್ಟರು. ಜನರಿಗೆ ಮಾತ್ರ ಯಾರನ್ನು ಕುರಿತು ಹಾಡಿದುದೆಂಬುದು ಚೆನ್ನಾಗಿ ತಿಳಿದಿತ್ತು. ಪ್ರೇಕ್ಷಕರು ಮತ್ತೆ ಮತ್ತೆ ಕೇಳಬಯಸಿ ಕೂಗೆಬ್ಬಿಸುತ್ತಿದ್ದರು. ಗುಟ್ಟು ರಟ್ಟಾದಾಗ ಕವಿ ಪ್ರದೀಪರು ಬಂಧನದ ಭಯದಿಂದ ತಲೆಮರೆಸಿಕೊಳ್ಳಬೇಕಾಯಿತು. ಆ ಹಾಡಿನಲ್ಲಿ ಖಾನ್ ಮಸ್ತಾನಾ ಅವರೊಡನೆ ಮುಂಚೂಣಿಯ ದನಿಯಾಗಿದ್ದವರು ಅಮೀರಬಾಯಿ. ಸ್ವಾತಂತ್ರ್ಯದ ಹೋರಾಟದಲ್ಲಿ ಕನ್ನಡಿಗರ ಪಾಲನ್ನು ಎಣಿಸುವಾಗ ಈ ದನಿಯನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಡವೇ?

'ಕಿಸ್ಮತ್' ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲಿಯೇ ಮೂರು ವರುಷಗಳಿಗೂ ಮಿಕ್ಕಿ ನಡೆಯಿತು. ಆ ದಾಖಲೆಯನ್ನು ಮುರಿಯಲು 1975ರ 'ಶೋಲೆ' ಬರಬೇಕಾಯಿತು. ಅಮೀರಬಾಯಿಯವರ ಹೆಸರು ಒಮ್ಮೆಲೆ ದೇಶದ ತುಂಬ ಹಬ್ಬಿತು. ಮುಂದಿನ ವರ್ಷವೇ, 1944ರಲ್ಲಿ, ಎರಡು ಚಿತ್ರಗಳು ಆ ಕೀರ್ತಿಯನ್ನು ಗಟ್ಟಿಗೊಳಿಸಿದವು. ಚತುರ್ಭುಜ ದೋಶಿಯವರ 'ಭರ್ತೃಹರಿ'ಗೆ ಸಂಗೀತ ಕೊಟ್ಟವರು ಖೇಮಚಂದ ಪ್ರಕಾಶರು. ರಾಜ್ಯವನ್ನು ಬಿಟ್ಟು ಜೋಗಿಯಾದ ಭರ್ತೃಹರಿಯು ತನ್ನ ರಾಣಿ ಪಿಂಗಳೆಯ ಬಾಗಿಲಿಗೇ ಬಂದು, ಅವಳನ್ನು ತಾಯಿಯೆಂದು ಕರೆದು ಭಿಕ್ಷೆ ಬೇಡುವ ಪ್ರಸಂಗವು ಜನಜನಿತವಾದುದು. ಆ ಪ್ರಸಂಗದ ಹಾಡಿನಲ್ಲಿ ಸುರೇಂದ್ರರಿಗೆ ಜೊತೆಯಾಗಿ ಪಿಂಗಳೆಯ ಉತ್ತರವನ್ನು ಹಾಡಿದವರು ಅಮೀರಬಾಯಿ. ಗಂಡನ ಬಾಯಿಂದ ತಾಯಿಯೆಂಬ ಮಾತನ್ನು ಕೇಳಬೇಕಾದ ಹೆಣ್ಣಿನ ಸಂಕಟವು ಆ ಕಂಠದಲ್ಲಿ ಹೇಗೆ ಮಿಡಿಯುತ್ತದೆಂಬುದನ್ನು ಕೇಳಿಯೇ ತಿಳಿಯಬೇಕು. ನೌಶಾದರ ಸಂಗೀತದ 'ರತನ್' ಅದೇ ವರ್ಷದ್ದು. ಅದರಲ್ಲಿ ಜೋಹ್ರಾಬಾಯಿ ಅಂಬಾಲೇವಾಲಿಯವರ ತುಂಬುದನಿಯ ಹಾಡುಗಳ ನಡುವೆ ಅಮೀರಬಾಯಿಯವರ ಮೃದುವಾದ ವಿರಹಗೀತವು ತನ್ನ ಸ್ಥಾನವನ್ನು ತಾನೇ ಕಂಡುಕೊಂಡಿತು.

1946ರಲ್ಲಿ 'ರಾಣಕದೇವಿ' ಎಂಬ ಗುಜರಾತಿ ಚಿತ್ರ ಬಂದಿತು. ಮುಂದೆ ಹೆಸರಾದ ನಿರೂಪಾ ರಾಯ್ ಅವರು ಮೊದಲು ಕಾಣಿಸಿಕೊಂಡುದು ಇದರಲ್ಲಿ. ನಮ್ಮ ಊರಿಗೆ ಒಮ್ಮೆ ಬನ್ನಿರೆಂದು ಕರೆಯುವ ಹಾಡೊಂದನ್ನು ಅಮೀರಬಾಯಿ ಅದರಲ್ಲಿ ಹಾಡಿದರು. ಅದು ಗುಜರಾತಿಗಳ ನೆಚ್ಚಿನ ಹಾಡುಗಳಲ್ಲಿ ಒಂದಾಯಿತು. ಇನ್ನೊಬ್ಬರ ಭಾಷೆಯಲ್ಲಿ, ಇನ್ನೊಬ್ಬರ ಹಳ್ಳಿಗೆ ಕರೆಯೋಲೆ ಕೊಡುವಾಗ ಅವರ ಕಣ್ಣಮುಂದೆ ಯಾವ ಹಳ್ಳಿ ಬಂದಿದ್ದೀತು? ಹೊರನಾಡಿನಲ್ಲಿರುವ ನಮಗೆ ಈ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟವಲ್ಲ.

1947ರಲ್ಲಿ ಸಿ. ರಾಮಚಂದ್ರರ ಸಂಗೀತದ 'ಶಹನಾಯಿ' ಚಿತ್ರದಲ್ಲಿಯೂ ಅವರ ಹಾಡು ಜನಪ್ರಿಯವಾಯಿತು. ಆ ಸುಮಾರಿಗೆ ಇತರ ಗಾಯಕಿಯರಿಗೆ ಒಂದು ಹಾಡಿಗೆ 500 ರೂಪಾಯಿ ದೊರೆತರೆ ಅಮೀರಬಾಯಿಯವರಿಗೆ 1000 ರೂಪಾಯಿ ಸಲ್ಲುತ್ತಿತ್ತೆಂದು ಅಂದಿನ ಚಿತ್ರಪತ್ರಿಕೆ ಬರೆದಿತ್ತು. ಬೀಳಗಿಯ ಹುಡುಗಿಯು ಹೀಗೆ ಕೀರ್ತಿಯ ಶಿಖರವನ್ನೇರಿದ್ದರು.

ಹಾಡಿಗೆ ಸಿಕ್ಕ ಗೌರವ ಮನೆಯಲ್ಲಿ ಸಿಗಲಿಲ್ಲವೆಂಬುದೇ ಅವರ ಬಾಳಿನ ದುರಂತ. ಚಿತ್ರಗಳಲ್ಲಿ ಖಳನ ಪಾತ್ರ ವಹಿಸುತ್ತಿದ್ದ ಹಿಮಾಲಯವಾಲಾ ಎಂಬ ನಟರನ್ನು ಅವರು ಮದುವೆಯಾಗಿದ್ದರು. ಆ ಸಂಸಾರದಲ್ಲಿ ಅವರು ಉಂಡುದು ಕಿರುಕುಳವನ್ನೇ. ದೇಶಕ್ಕೆಲ್ಲ ಸಂತೋಷ ಹಂಚುತ್ತಿದ್ದ ಹೆಣ್ಣು ತನ್ನ ಮನೆಯ ಬಾಗಿಲು ಹಾಕಿಕೊಂಡ ಮೇಲೆ ಕಣ್ಣೀರಿಡಬೇಕಾಯಿತು. ಕೊನೆಗೆ ಆ ಸಂಬಂಧವನ್ನು ಕಡಿದುಕೊಂಡು ಅವರು ಬಿಡುಗಡೆ ಪಡೆದರು. ಹೆಂಗಸರು ಏನನ್ನೂ ಸಹಿಸಿಕೊಂಡು ಇರಬೇಕೆಂದು ಬೋಧಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಮುಂದೆ ಪತ್ರಕರ್ತರಾದ ಬದ್ರಿ ಕಾಂಚವಾಲಾ ಅವರೊಡನೆ ಎರಡನೆಯ ಮದುವೆಯಾಗಿ ನೆಮ್ಮದಿಯನ್ನು ಕಂಡರು.

1947ರಲ್ಲಿ ದೇಶವು ಸ್ವತಂತ್ರವಾಯಿತು, ಇಬ್ಭಾಗವೂ ಆಯಿತು. ಮುಂಬಯಿಯ ಚಿತ್ರರಂಗವು ಮನೆ ಒಡೆದ ಅಣ್ಣತಮ್ಮಂದಿರಂತೆ ಬೇರೆಬೇರೆಯಾಯಿತು. ನೂರಜಹಾನ್, ಖುರ್ಷಿದ್ ಮೊದಲಾದವರು ಪಾಕಿಸ್ತಾನಕ್ಕೆ ಹೋದರು. ಹಿಮಾಲಯವಾಲಾ ಕೂಡ ಹೋದರು. ಅಮೀರಬಾಯಿಯವರು ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಕರ್ನಾಟಕಿಯಾದವಳ ಊರು ಬೀಳಗಿ. ಬೀಳಗಿಯು ಎಲ್ಲಿತ್ತೋ ಅಲ್ಲಿಯೇ ಇತ್ತು.

1948ರಲ್ಲಿ ಅವರು ಇನ್ನೊಂದು ಸಾಹಸಕ್ಕೆ ಕೈಹಾಕಿದರು. 'ಶಹನಾಜ್' ಎಂಬ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಹೆಣ್ಣುಮಕ್ಕಳು ಹಾಡಬಹುದು, ಹಾಡನ್ನು ಕಟ್ಟಿ ವಾದ್ಯಮೇಳವನ್ನು ನಡೆಯಿಸಬಾರದು ಎಂಬಂತಿದ್ದ ಕ್ಷೇತ್ರವದು. ಅವರಿಗಿಂತ ಮೊದಲು ಜದ್ದನಬಾಯಿ, ಬಾಂಬೆ ಟಾಕೀಸಿನ ಸರಸ್ವತೀದೇವಿ ಮುಂತಾದ ಬೆರಳೆಣಿಕೆಯ ಹೆಂಗಸರು ಮಾತ್ರ ಆ ಪೀಠದಲ್ಲಿ ಕುಳಿತಿದ್ದರು. ಆ ಸಣ್ಣ ಪಂಕ್ತಿಯಲ್ಲಿ ಕನ್ನಡತಿಯ ಹೆಸರೂ ಇದೆಯೆಂಬುದು ನಮಗೆ ಅಭಿಮಾನದ ಸಂಗತಿ.

ಆದರೆ ಕಾಲಚಕ್ರವು ತಿರುಗುತ್ತಲೇ ಇತ್ತು. ಹಾಡುವವರೇ ಬೇರೆ, ಅಭಿನಯಿಸುವವರೇ ಬೇರೆ ಎಂಬ ಪದ್ಧತಿಯು ಅಮೀರಬಾಯಿಯವರನ್ನು ಮೇಲಕ್ಕೇರಿಸಿತ್ತಷ್ಟೆ. ಕಂಠವೊಂದೇ ಮುಖ್ಯವಾದಾಗ, ಹೊಸ ಕಂಠ ಬಂದೊಡನೆ ಹಳೆಯದು ಹಿಂದೆ ಸರಿಯಬೇಕಾಗುತ್ತದೆ. 1949ರಲ್ಲಿ 'ಮಹಲ್', 'ಬರ್ಸಾತ್', 'ಅಂದಾಜ್' ಚಿತ್ರಗಳು ಬಂದವು. ಲತಾ ಮಂಗೇಶಕರರ ಯುಗ ಆರಂಭವಾಯಿತು. 'ಮಹಲ್' ಚಿತ್ರದ ಸಂಗೀತಗಾರರು 'ಭರ್ತೃಹರಿ'ಯಲ್ಲಿ ಅಮೀರಬಾಯಿಯವರಿಂದ ಹಾಡಿಸಿದ ಖೇಮಚಂದ ಪ್ರಕಾಶರೇ. ತೆಳುವಾದ, ಎತ್ತರದ ಶ್ರುತಿಯಲ್ಲಿ ಸಲೀಸಾಗಿ ಹರಿಯುವ ಆ ಹೊಸ ಕಂಠದ ಮುಂದೆ ನಾಟಕ ಮಂಡಳಿಯ ಗಂಧವಿದ್ದ ಹಳೆಯ ಕಂಠಗಳು ಒಂದೊಂದಾಗಿ ಮೌನವಾದವು.

ಈ ಸಂಧಿಕಾಲದ ಒಂದು ಹಾಡು ಉಳಿದುಕೊಂಡಿದೆ. 1950ರ 'ಸಮಾಧಿ' ಚಿತ್ರದಲ್ಲಿ ನಳಿನಿ ಜಯವಂತ ಮತ್ತು ಕುಲದೀಪ ಕೌರ್ ಅಭಿನಯಿಸಿದ ವಿನೋದದ ಯುಗಳಗೀತ ಅದು, ಸಿ. ರಾಮಚಂದ್ರರು ಪಾಶ್ಚಾತ್ಯ ಧಾಟಿಯಲ್ಲಿ ಕಟ್ಟಿದ ಹಾಡು. ಇಂದಿಗೂ ಮದುವೆ ಮುಂಜಿಗಳಲ್ಲಿ ಅದಕ್ಕೆ ಮಕ್ಕಳು ಕುಣಿಯುತ್ತಾರೆ. ಹಾಡಿದವರಲ್ಲಿ ಒಬ್ಬರು ಲತಾ ಮಂಗೇಶಕರ್ ಎಂಬುದು ಎಲ್ಲರಿಗೂ ಗೊತ್ತು. ಇನ್ನೊಬ್ಬರು ಯಾರೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಸುಮ್ಮನಾಗುತ್ತಾರೆ. ಅವರು ಅಮೀರಬಾಯಿ ಕರ್ನಾಟಕಿ. ಏರುತ್ತಿರುವ ಕಿರಿಯಳೂ ಇಳಿಯುತ್ತಿರುವ ಹಿರಿಯಳೂ ಒಂದೇ ಧ್ವನಿಮುದ್ರಿಕೆಯಲ್ಲಿ ನಕ್ಕು ನಲಿದು ಹಾಡಿದ್ದಾರೆ. ಆ ನಗೆಯಲ್ಲಿ ಎಲ್ಲಿಯೂ ಕಹಿಯಿಲ್ಲ. ಹಿರಿಯರು ಹಿಂದೆ ಸರಿಯುವ ಬಗೆಯೆಂದರೆ ಹೀಗೆ.

ಹಾಡುಗಳು ಕಡಿಮೆಯಾದಾಗ ಅವರು ಅಭಿನಯಕ್ಕೆ ಮರಳಿದರು. ನಾಯಕಿಯರಿಗೆ ಕಂಠವಾಗಿದ್ದವರು ಈಗ ಪೋಷಕ ಪಾತ್ರಗಳಲ್ಲಿ ಕಾಣಿಸಿಕೊಂಡರು. ಕೆಲಸ ಸಣ್ಣದಾಯಿತೆಂದು ಮನೆಯಲ್ಲಿ ಕೂರಲಿಲ್ಲ. ಅತ್ತ ಅಕ್ಕ ಗೋಹರಬಾಯಿಯವರ ಬಾಳು ಬೇರೊಂದು ಹಾದಿ ಹಿಡಿದಿತ್ತು. ಸ್ತ್ರೀಪಾತ್ರಗಳಿಂದ ಮಹಾರಾಷ್ಟ್ರವನ್ನೇ ಮರುಳುಮಾಡಿದ್ದ ಬಾಲಗಂಧರ್ವರ ಮಂಡಳಿಯು ಸಾಲದಲ್ಲಿ ಮುಳುಗಿ, ವೈಭವ ಇಳಿದ ಕಾಲದಲ್ಲಿ ಗೋಹರಬಾಯಿ ಅದನ್ನು ಸೇರಿ, ಅವರ ಜೊತೆಯ ಗಾಯಕನಟಿಯಾದರು. 1951ರಲ್ಲಿ ಬಾಲಗಂಧರ್ವರು ಅವರನ್ನು ಮದುವೆಯಾದರು. ಆ ಮದುವೆಗಾಗಿ ಗೋಹರಬಾಯಿಯವರು ಕೇಳಿದ ನಿಂದೆ ಅಷ್ಟಿಷ್ಟಲ್ಲ. ಬಾಲಗಂಧರ್ವರ ಕಷ್ಟದ ದಿನಗಳಲ್ಲಿ ಜೊತೆಗಿದ್ದವರು ಮಾತ್ರ ಅವರೇ. 1964ರಲ್ಲಿ ಗೋಹರಬಾಯಿ ತೀರಿಕೊಂಡರು; ಬಾಲಗಂಧರ್ವರು 1967ರಲ್ಲಿ. ಮರಾಠಿ ರಂಗಭೂಮಿಯ ದೊಡ್ಡ ಹೆಸರಿನ ಪಕ್ಕದಲ್ಲಿ ಬೀಳಗಿಯ ಹೆಣ್ಣುಮಗಳೊಬ್ಬಳ ಹೆಸರು ಹೀಗೆ ಉಳಿಯಿತು.

ಅಕ್ಕ ಹೋದ ಮರುವರುಷವೇ ತಂಗಿಯ ಸರದಿ ಬಂದಿತು. ಅಮೀರಬಾಯಿಯವರಿಗೆ ಪಾರ್ಶ್ವವಾಯು ಬಡಿಯಿತು. ನಾಲ್ಕೇ ದಿನಗಳಲ್ಲಿ, 1965ರ ಮಾರ್ಚ್ 3ರಂದು, ಅವರು ಇಹಲೋಕವನ್ನು ಬಿಟ್ಟರು. ಕನ್ನಡದ ಮೊದಲ ವಾಕ್ಚಿತ್ರವು ತೆರೆಕಂಡು ಅಂದಿಗೆ ಸರಿಯಾಗಿ 31 ವರುಷಗಳಾಗಿದ್ದವು. ಹಾಡಿದುದು ಮುಂಬಯಿಯಲ್ಲಿ, ಆದರೆ ಮಣ್ಣಿಗೆ ಸೇರಿದುದು ವಿಜಾಪುರದಲ್ಲಿ. ಅವರ ಹೆಸರಿನ ಅಮೀರ್ ಟಾಕೀಸ್ ಆ ಊರಿನ ಜನರಿಗೆ ಬಹುಕಾಲ ಅವರ ನೆನಪನ್ನು ತಂದುಕೊಡುತ್ತಿತ್ತು. ಈಚಿನ ವರುಷಗಳಲ್ಲಿ ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದು ನಾಡಿನ ಸಾಲವೊಂದನ್ನು ತೀರಿಸಿದ್ದಾರೆ.

ಇಷ್ಟಾಗಿಯೂ ಅಮೀರಬಾಯಿಯವರನ್ನು ನಾವು ನಮ್ಮವರೆಂದು ಹೇಳಿಕೊಳ್ಳಲು ಏಕೋ ಹಿಂಜರಿಯುತ್ತೇವೆ. ಅವರ ಹೆಸರಾದ ಹಾಡುಗಳು ಹಿಂದಿಯವು, ಗುಜರಾತಿಯವು ಎನ್ನುವವರುಂಟು. ನಿಜ. ಆದರೆ ಹೊರನಾಡಿನ ಕನ್ನಡಿಗರಾದ ನಾವು ಮಾಡುತ್ತಿರುವುದಾದರೂ ಏನು? ಹಗಲೆಲ್ಲ ಕಚೇರಿಯಲ್ಲಿ, ಅಂಗಡಿಯಲ್ಲಿ, ಗಾಡಿಯಲ್ಲಿ ಇನ್ನೊಬ್ಬರ ಭಾಷೆಯನ್ನು ಆಡಿ ಹೊಟ್ಟೆ ಹೊರೆಯುತ್ತೇವೆ. ಸಂಜೆ ಮನೆಗೆ ಬಂದು ಕನ್ನಡದಲ್ಲಿ ನಿಟ್ಟುಸಿರು ಬಿಡುತ್ತೇವೆ. ಅದರಿಂದ ನಾವು ಕನ್ನಡಿಗರಲ್ಲವೆಂದು ಯಾರಾದರೂ ಅಂದರೆ ಸಹಿಸುವೆವೇ? ಅಮೀರಬಾಯಿಯವರ ಬಾಳು ನಮ್ಮೆಲ್ಲರ ಬಾಳಿನಂತೆಯೇ ಇತ್ತು. ವ್ಯತ್ಯಾಸವಿಷ್ಟೇ. ನಮ್ಮಲ್ಲಿ ಅನೇಕರು ಹೊರನಾಡಿಗೆ ಬಂದ ಮೇಲೆ ಹೆಸರನ್ನು ಕತ್ತರಿಸಿ ಚಿಕ್ಕದು ಮಾಡಿಕೊಂಡೆವು. ಅವರು ತಮ್ಮ ಹೆಸರಿಗೆ ನಾಡನ್ನೇ ಸೇರಿಸಿಕೊಂಡರು.

ಆದುದರಿಂದ ಸಂಘದ ಸದಸ್ಯರಲ್ಲಿ ನಮ್ಮದೊಂದು ಸಣ್ಣ ಕೋರಿಕೆ. ದೊಡ್ಡ ಸ್ಮಾರಕವನ್ನೇನೂ ನಾವು ಬೇಡುವುದಿಲ್ಲ. ಈ ಸಲದ ದೀಪಾವಳಿಗೆ ಮನೆಯಲ್ಲಿ ಹಣತೆ ಹಚ್ಚಿದ ಮೇಲೆ, 'ಕಿಸ್ಮತ್' ಚಿತ್ರದ ಆ ದೀಪಾವಳಿಯ ಹಾಡನ್ನು ಒಮ್ಮೆ ಹಚ್ಚಿರಿ. ಮಕ್ಕಳು ಇದನ್ನು ಹಾಡಿದವರು ಯಾರೆಂದು ಕೇಳಿದರೆ ಹೆಸರನ್ನು ಪೂರ್ತಿಯಾಗಿ ಹೇಳಿರಿ. ಅಮೀರಬಾಯಿ ಎಂದಷ್ಟೇ ಹೇಳಿ ನಿಲ್ಲಿಸಬೇಡಿರಿ.